ಹಳೆಯ ವೂಫರ್‌ಗೆ ಹೊಸ ಪೆಟ್ಟಿಗೆ: ಅಳತೆ ಮೊದಲು, ಗರಗಸ ಆಮೇಲೆ

ಹಳೆಯ ಹೈ-ಫೈ ಸ್ಪೀಕರ್ ಕೈಗೆ ಸಿಕ್ಕರೆ ಮೊದಲು ಜಾಲರಿ ತೆಗೆಯಿರಿ. ವೂಫರ್, ಅಂದರೆ ಬೇಸ್ ನುಡಿಸುವ ದೊಡ್ಡ ಭಾಗದ ಅಂಚನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ. ಫೋಮ್ ಅಂಚಾಗಿದ್ದರೆ ಬೆರಳಿಗೆ ಕಪ್ಪು ಜಿಗುಟು ಅಂಟಬಹುದು, ಇಲ್ಲವೇ ಅಂಚೇ ಪುಡಿಪುಡಿಯಾಗಿ ಉದುರಬಹುದು. ನೋಡಿದವರು ಇದು ಮುಗಿದ ಕತೆ ಅಂದುಕೊಳ್ಳುತ್ತಾರೆ. ಆದರೆ ಹಾಳಾಗಿರುವುದು ಅಗ್ಗದ ಒಂದು ಉಂಗುರ ಮಾತ್ರ. ಅದರ ಹಿಂದಿನ ಕೋನ್ (ಅಲುಗಿ ಸದ್ದು ಮಾಡುವ ಬಟ್ಟಲು), ಅದನ್ನು ಆಡಿಸುವ ತಂತಿಯ ಕಾಯಿಲ್, ಮ್ಯಾಗ್ನೆಟ್ ಎಲ್ಲ ಗಟ್ಟಿಯಾಗಿಯೇ ಇರುವುದು ಜಾಸ್ತಿ.

ನಾನು ಮೊದಲ ಸಲ ಈ ಕೆಲಸಕ್ಕೆ ಕೈ ಹಾಕಿದಾಗ ಒಂದು ಜೊತೆ 8 ಇಂಚಿನ ವೂಫರ್ ಸಿಕ್ಕಿದ್ದವು. ಅವು ಕೂತಿದ್ದ ಪೆಟ್ಟಿಗೆ ನೀರು ಕುಡಿದು ಊದಿಕೊಂಡಿತ್ತು. ಅಂಚು ಬದಲಿಸಿದೆ, ಮನೆಯಲ್ಲಿ ಉಳಿದಿದ್ದ ಹಲಗೆ ತುಂಡುಗಳಿಂದ 10 ಲೀಟರ್‌ನ ಚೆಂದದ ಪೆಟ್ಟಿಗೆ ಮಾಡಿದೆ, ಪಾಲಿಶ್ ಕೂಡ ಹೊಡೆದೆ. ಹಾಡು ಹಾಕಿದರೆ ಬೇಸ್ ಬರೀ ಗುಂಯ್ ಅಂತಿತ್ತು. ತಪ್ಪು ವೂಫರ್‌ನದಲ್ಲ, ನನ್ನದು. ಹಲಗೆ ಎಷ್ಟಿದೆ ಎಂದು ಅಳೆದಿದ್ದೆ, ವೂಫರ್‌ಗೆ ಎಷ್ಟು ಗಾಳಿ ಬೇಕು ಎಂದು ಅಳೆದಿರಲಿಲ್ಲ. ಅದೇ ವೂಫರ್‌ನ ಅಂಕಿಗಳನ್ನು ಇಲ್ಲಿ ಉದ್ದಕ್ಕೂ ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ.

ಉಳಿಸಬಹುದೋ ಇಲ್ಲವೋ

ಬಿಚ್ಚುವ ಮೊದಲು ಫೋಟೋ ತೆಗೆದುಕೊಳ್ಳಿ. ಯಾವ ವೈರ್ ಯಾವ ತುದಿಗೆ ಹೋಗಿದೆ ಎಂದು ಕಾಣಬೇಕು. ಎಷ್ಟೋ ಸ್ಪೀಕರ್‌ಗಳಲ್ಲಿ ಮೇಲಿನ ಸ್ವರ ನುಡಿಸುವ ಸಣ್ಣ ಟ್ವೀಟರ್‌ಗೆ ಬೇಕೆಂದೇ ಪ್ಲಸ್-ಮೈನಸ್ ತಿರುಗಿಸಿ ಕೊಟ್ಟಿರುತ್ತಾರೆ. ಆಮೇಲೆ ಜ್ಞಾಪಕದಿಂದ ಜೋಡಿಸಿದರೆ ನೀವು ಅದನ್ನು 'ಸರಿ' ಮಾಡಿ ಕೆಡಿಸುತ್ತೀರಿ. ಹಾಗೆಯೇ ಮುಂಬದಿಯ ಹಲಗೆಯ ಅಗಲ, ಎತ್ತರ ಮತ್ತು ಪ್ರತಿ ಡ್ರೈವರ್‌ನ (ವೂಫರ್, ಟ್ವೀಟರ್ ಎರಡಕ್ಕೂ ಇದೇ ಹೆಸರು) ನಡುಬಿಂದು ಎಲ್ಲಿದೆ ಎಂಬುದನ್ನೂ ಬರೆದಿಡಿ. ಪೆಟ್ಟಿಗೆ ಎಷ್ಟೇ ಕೊಳೆತಿರಲಿ, ಈ ಅಳತೆ ತೆಗೆಯದೆ ಅದನ್ನು ಎಸೆಯಬೇಡಿ.

ಸ್ಕ್ರೂ ಬಿಚ್ಚುವಾಗ ಒಂದು ಎಚ್ಚರಿಕೆ. ವೂಫರ್‌ನ ಮ್ಯಾಗ್ನೆಟ್ ಸ್ಕ್ರೂಡ್ರೈವರನ್ನು ಎಳೆಯುತ್ತದೆ. ಕೈ ಸ್ವಲ್ಪ ಸಡಿಲವಾದರೂ ಸಾಕು, ತುದಿ ಸೀದಾ ಕೋನ್ ಒಳಗೆ. ನನ್ನ ಒಂದು ವೂಫರ್‌ಗೆ ಇವತ್ತಿಗೂ ತೇಪೆ ಇದೆ. ಈಗ ಕೋನ್ ಮೇಲೆ ರಟ್ಟು ಮುಚ್ಚಿ, ಒಂದು ಕೈಯನ್ನು ಅದರ ಮೇಲಿಟ್ಟೇ ಬಿಚ್ಚುತ್ತೇನೆ.

ಹೊರಗೆ ಬಂದ ಮೇಲೆ ಮಲ್ಟಿಮೀಟರ್‌ನಲ್ಲಿ ಓಮ್ ನೋಡಿ. 8 ಓಮ್ ಎಂದು ಬರೆದ ಡ್ರೈವರ್ 5.5ರಿಂದ 7 ತೋರಿಸಿದರೆ ಸರಿ. 4 ಓಮ್‌ನದ್ದು 3ರಿಂದ 3.5ರ ಆಸುಪಾಸು ಇರುತ್ತದೆ. ಮೀಟರ್ ಏನೂ ತೋರಿಸದಿದ್ದರೆ ಕಾಯಿಲ್ ಸುಟ್ಟಿದೆ, ಅಥವಾ ಕೋನ್‌ಗೆ ಹೋಗುವ ಹೆಣೆದ ತಂತಿ ತುಂಡಾಗಿದೆ. ಎರಡನೆಯದಾದರೆ ಬೆಸುಗೆ ಹಾಕಿದರೆ ಆಯಿತು, ಆದ್ದರಿಂದ ಎಸೆಯುವ ಮೊದಲು ಆ ತಂತಿಯನ್ನು ಬೆಳಕಿಗೆ ಹಿಡಿದು ನೋಡಿ.

ಮುಂದೆ, ಎರಡೂ ಕೈಯ ಬೆರಳುಗಳನ್ನು ಕೋನ್ ನಡುವಿನ ಮುಚ್ಚಳ, ಅಂದರೆ ಡಸ್ಟ್ ಕ್ಯಾಪ್ ಸುತ್ತ ಸಮವಾಗಿ ಇಟ್ಟು ಕೋನನ್ನು ನೇರವಾಗಿ ಒಳಗೆ ಒತ್ತಿ. ಕಿವಿ ಹತ್ತಿರ ತನ್ನಿ. ಕರಕರ ಎಂದರೆ ಕಾಯಿಲ್ ಎಲ್ಲೋ ಉಜ್ಜುತ್ತಿದೆ. ಅಂಚು ಹರಿದಿದ್ದಾಗ ಕೋನ್ ವಾಲಿ ಉಜ್ಜುವುದು ಸಹಜ, ಹೊಸ ಅಂಚು ಹಾಕಿದ ಮೇಲೆ ಅದು ಹೋಗುತ್ತದೆ. ಅಂಚು ಸರಿಯಿದ್ದೂ ಉಜ್ಜುತ್ತಿದ್ದರೆ ಕಾಯಿಲ್ ಕಾದು ಉಬ್ಬಿರಬಹುದು, ಅಥವಾ ಕೆಳಗೆ ಬಿದ್ದ ಏಟಿಗೆ ಮ್ಯಾಗ್ನೆಟ್ ಜರುಗಿರಬಹುದು. ಅಂಥದ್ದನ್ನು ನಾನು ಮುಟ್ಟುವುದಿಲ್ಲ.

ಹಳೆಯ ಅಲ್ನಿಕೋ ಮ್ಯಾಗ್ನೆಟ್‌ನ ಡ್ರೈವರ್ ಆಗಿದ್ದರೆ ಮ್ಯಾಗ್ನೆಟ್ ಭಾಗವನ್ನು ಯಾವ ಕಾರಣಕ್ಕೂ ಬಿಚ್ಚಬೇಡಿ. ಅದರ ಸುತ್ತಲಿನ ಕಬ್ಬಿಣವನ್ನು ಬೇರ್ಪಡಿಸಿದ ಕೂಡಲೇ ಅದು ಬಲ ಕಳೆದುಕೊಳ್ಳುತ್ತದೆ. ವಾಪಸ್ ಜೋಡಿಸಿದರೂ ಬಲ ಬರುವುದಿಲ್ಲ. ಮತ್ತೆ ಮ್ಯಾಗ್ನೆಟೈಸ್ ಮಾಡಿಸಬೇಕಾಗುತ್ತದೆ.

ಫೋಮ್ ಅಂಚು ಬದಲಿಸುವುದು

ರಬ್ಬರ್ ಅಂಚು ಅಥವಾ ಮೇಣ ಬಳಿದ ಬಟ್ಟೆಯ ಅಂಚು ಇದ್ದರೆ ಈ ಭಾಗ ನಿಮಗೆ ಬೇಡ, ಅವು ದಶಕಗಟ್ಟಲೆ ಬಾಳುತ್ತವೆ. ಫೋಮ್ ಮಾತ್ರ ಗಾಳಿಯ ತೇವಕ್ಕೆ, ಬೆಳಕಿಗೆ ತಾನಾಗಿಯೇ ಕರಗುತ್ತದೆ. ಸ್ಪೀಕರನ್ನು ಬಳಸದೆ ಜೋಪಾನವಾಗಿ ಇಟ್ಟಿದ್ದರೂ ಅಷ್ಟೇ.

ಹೊಸ ಅಂಚು ತರಿಸುವಾಗ '8 ಇಂಚು' ಎಂದಷ್ಟೇ ಹೇಳಿದರೆ ಸಾಲದು. ಕೋನ್‌ನ ಹೊರ ವ್ಯಾಸ, ಅಂಚಿನ ಉಬ್ಬಿದ ಭಾಗದ ಅಗಲ, ಚೌಕಟ್ಟಿನ ಮೇಲೆ ಅಂಟುವ ಚಪ್ಪಟೆ ಭಾಗದ ಹೊರ ವ್ಯಾಸ, ಈ ಮೂರನ್ನೂ ಮಿಲಿಮೀಟರ್‌ನಲ್ಲಿ ಅಳೆಯಿರಿ. ಹಳೆಯ ಅಂಚು ಕೋನ್‌ನ ಮುಂದೆ ಅಂಟಿತ್ತೋ ಹಿಂದೆ ಅಂಟಿತ್ತೋ ಎಂಬುದನ್ನೂ ನೋಡಿಕೊಳ್ಳಿ.

ಹಳೆಯ ಫೋಮ್ ಮತ್ತು ಅಂಟನ್ನು ತೆಗೆಯುವುದೇ ಇಲ್ಲಿ ಅರ್ಧ ಕೆಲಸ. ಕಾಗದದ ಕೋನ್ ಆದರೆ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿಯಿಂದ ಸ್ವಲ್ಪ ಸ್ವಲ್ಪವೇ ನೆನೆಸಿ, ಉಗುರಿನಿಂದ ಉಜ್ಜಿ ತೆಗೆಯಿರಿ. ಜಾಸ್ತಿ ನೆನೆಸಿದರೆ ಕಾಗದ ಮೆತ್ತಗಾಗಿ ಹರಿಯುತ್ತದೆ. ಪ್ಲಾಸ್ಟಿಕ್ ಕೋನ್ ಆದರೆ ಅಸಿಟೋನ್ ಹತ್ತಿರವೂ ತರಬೇಡಿ. ಚೌಕಟ್ಟಿನ ಲೋಹದ ಭಾಗವನ್ನು ಬೇಕಾದರೆ ಕೆರೆದು ತೆಗೆಯಬಹುದು, ಆದರೆ ಚೂರುಗಳು ಕಾಯಿಲ್‌ನ ಸಂದಿಗೆ ಬೀಳದಂತೆ ವೂಫರನ್ನು ಬಗ್ಗಿಸಿ ಹಿಡಿಯಿರಿ.

ಮೊದಲು ಅಂಚನ್ನು ಕೋನ್‌ಗೆ ಅಂಟಿಸಿ, ಪೂರ್ತಿ ಒಣಗಲು ಬಿಡಿ. ಒಣಗಿದ ಮೇಲೂ ಬಳುಕುವ ಬಿಳಿ ಅಂಟು ಈ ಕೆಲಸಕ್ಕೆ ಒಳ್ಳೆಯದು. ನಿಧಾನಕ್ಕೆ ಒಣಗುವುದರಿಂದ ತಪ್ಪಿದರೆ ತಿದ್ದಲು ಸಮಯವೂ ಇರುತ್ತದೆ. ಕ್ಷಣದಲ್ಲಿ ಹಿಡಿಯುವ ಸೂಪರ್ ಅಂಟು ಬೇಡವೇ ಬೇಡ.

ಇನ್ನು ಅಂಚನ್ನು ಚೌಕಟ್ಟಿಗೆ ಅಂಟಿಸುವುದು. ಇಲ್ಲಿ ಕೋನ್ ಸರಿಯಾಗಿ ನಡುವೆ ನಿಲ್ಲಬೇಕು. ಒಂದು ದಾರಿ, ಡಸ್ಟ್ ಕ್ಯಾಪನ್ನು ಚೂಪಾದ ಬ್ಲೇಡಿನಿಂದ ಸುತ್ತ ಕತ್ತರಿಸಿ ತೆಗೆದು, ಕಾಯಿಲ್ ಮತ್ತು ನಡುವಿನ ಕಬ್ಬಿಣದ ಕಂಬದ ನಡುವೆ ನಾಲ್ಕು ಕಡೆ ಸಮ ದಪ್ಪದ ಕಾಗದದ ಪಟ್ಟಿ ತುರುಕುವುದು. ಅಂಟು ಒಣಗಿದ ಮೇಲೆ ಪಟ್ಟಿ ಎಳೆದು, ಕ್ಯಾಪ್ ವಾಪಸ್ ಅಂಟಿಸುವುದು. ಎರಡನೆಯ ದಾರಿಯಲ್ಲಿ ಕ್ಯಾಪ್ ತೆಗೆಯುವ ಗೋಜಿಲ್ಲ. ಅಂಟು ಹಚ್ಚಿ ಅಂಚನ್ನು ಕೂರಿಸಿ, ಆಂಪ್ಲಿಫೈಯರ್‌ನಿಂದ 30 ಹರ್ಟ್ಸ್ ಸ್ವರವನ್ನು ತುಂಬಾ ಮೆಲ್ಲಗೆ ಕೊಡಿ. ಕೋನ್ ಎರಡು-ಮೂರು ಮಿಲಿಮೀಟರ್ ಆಡಿದರೆ ಸಾಕು. ಎಲ್ಲಾದರೂ ಉಜ್ಜಿದರೆ ಸದ್ದು ತಕ್ಷಣ ಒರಟಾಗುತ್ತದೆ. ಅಂಚನ್ನು ಆ ಕಡೆ ಈ ಕಡೆ ಕೂದಲೆಳೆಯಷ್ಟು ಜರುಗಿಸುತ್ತ, ಸದ್ದು ನುಣುಪಾದ ಕಡೆ ನಿಲ್ಲಿಸಿ, ಬಟ್ಟೆ ಕ್ಲಿಪ್ ಹಾಕಿ. ಈ ಕೆಲಸದಲ್ಲಿ ನನಗೆ ಅತಿ ಇಷ್ಟದ ಐದು ನಿಮಿಷ ಇದೇ. ಆದರೂ ಮೊದಲ ಸಲದವರು ಕಾಗದದ ಪಟ್ಟಿಯ ದಾರಿ ಹಿಡಿಯುವುದು ಒಳ್ಳೆಯದು. ಅದರಲ್ಲಿ ಕಿವಿ ಮೋಸ ಹೋಗುವ ಪ್ರಶ್ನೆ ಇಲ್ಲ.

ಟ್ವೀಟರ್ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಸದ್ದು ಸಣ್ಣಗಾಗಿದ್ದರೆ, ಮತ್ತು ಅದು ಫೆರೋಫ್ಲೂಯಿಡ್ ಎಂಬ ಕಾಂತೀಯ ಎಣ್ಣೆ ಇರುವ ಬಗೆಯಾಗಿದ್ದರೆ, ಎಣ್ಣೆ ಒಣಗಿ ಗಟ್ಟಿಯಾಗಿರಬಹುದು. ಸಂದಿಯನ್ನು ಕಾಗದದ ಚೂರಿನಿಂದ ಒರೆಸಿ ಹೊಸದು ಹಾಕಬಹುದು.

ವೂಫರ್‌ನ ಗುಣ ಅಳೆಯುವುದು

ಹೊಸ ಅಂಚು ಹಾಕಿ, ಒಂದೆರಡು ಗಂಟೆ ಕಡಿಮೆ ಸ್ವರದಲ್ಲಿ ಆಡಿಸಿದ ಮೇಲೆಯೇ ಅಳತೆ. ಅಂಚಿನ ಬಿಗಿ ಬದಲಾದರೆ ಅಂಕಿಗಳೂ ಬದಲಾಗುತ್ತವೆ. ಆದ್ದರಿಂದ ಕಾರ್ಖಾನೆಯ ಹಳೆಯ ಕಾಗದ ಸಿಕ್ಕರೂ ಅದನ್ನು ಪೂರ್ತಿ ನಂಬಬೇಡಿ. ಜಾಸ್ತಿ ಹಳೆಯ ಡ್ರೈವರ್‌ಗಳಿಗಂತೂ ಅಂಥ ಕಾಗದವೇ ಇರುವುದಿಲ್ಲ. ಆಸ್ಟ್ರೇಲಿಯಾದ ನೆವಿಲ್ ಥೀಲ್ ಈ ಲೆಕ್ಕವನ್ನು ಮುಂದಿಟ್ಟದ್ದು 1961ರಲ್ಲಿ. ರಿಚರ್ಡ್ ಸ್ಮಾಲ್ ಅದನ್ನು ಬೆಳೆಸಿ ಎಲ್ಲರ ಕೈಗೆ ತಲುಪಿಸಿದ್ದು 1970ರ ದಶಕದಲ್ಲಿ. ಈಗಲೂ ಇವಕ್ಕೆ ಥೀಲ್-ಸ್ಮಾಲ್ ಅಂಕಿಗಳು ಎಂದೇ ಹೆಸರು.

ಬೇಕಾಗುವುದು ಮೂರು. ವೂಫರ್ ತಾನಾಗಿ ಕುಣಿಯಲು ಬಯಸುವ ಫ್ರೀಕ್ವೆನ್ಸಿ, ಅಂದರೆ ಎಫ್ಎಸ್. ಆ ಕುಣಿತಕ್ಕೆ ಎಷ್ಟು ಕಡಿವಾಣ ಇದೆ ಎಂಬ ಅಂಕಿ, ಕ್ಯೂಟಿಎಸ್. ಕೋನ್‌ನ ಅಂಚು ಮತ್ತು ಸ್ಪೈಡರ್ (ಕಾಯಿಲನ್ನು ಹಿಂದಿನಿಂದ ನಡುವೆ ಹಿಡಿದಿಡುವ ಸುಕ್ಕು ಬಟ್ಟೆ) ಎಷ್ಟು ಲೀಟರ್ ಗಾಳಿಯಷ್ಟು ಮೆತ್ತಗಿವೆ ಎಂಬ ಅಂಕಿ, ವಿಎಎಸ್.

ಸಾಮಾನು ದೊಡ್ಡದೇನಲ್ಲ. ಆಂಪ್ಲಿಫೈಯರ್, ಸೈನ್ ಸ್ವರ ಕೊಡುವ ಫೋನ್ ಅಥವಾ ಲ್ಯಾಪ್‌ಟಾಪ್, 1000 ಓಮ್‌ನ ಒಂದು ರೆಸಿಸ್ಟರ್, 10 ಓಮ್‌ನ ಇನ್ನೊಂದು, ಎಸಿ ಮಿಲಿವೋಲ್ಟ್ ತೋರಿಸುವ ಮಲ್ಟಿಮೀಟರ್. ಆಂಪ್ಲಿಫೈಯರ್‌ನ ಪ್ಲಸ್‌ನಿಂದ 1000 ಓಮ್, ಅಲ್ಲಿಂದ 10 ಓಮ್, ಅಲ್ಲಿಂದ ಮೈನಸ್‌ಗೆ. 10 ಓಮ್‌ನ ಎರಡು ತುದಿಗೆ ಮೀಟರ್ ಹಿಡಿದು, ಸರಿಯಾಗಿ 100 ಮಿಲಿವೋಲ್ಟ್ ಬರುವಷ್ಟು ವಾಲ್ಯೂಮ್ ಏರಿಸಿ. ಈಗ 10 ಮಿಲಿವೋಲ್ಟ್ ಎಂದರೆ 1 ಓಮ್. ವಾಲ್ಯೂಮ್ ಮುಟ್ಟದೆ 10 ಓಮ್ ತೆಗೆದು ಆ ಜಾಗದಲ್ಲಿ ವೂಫರ್ ಕೂರಿಸಿ. ದೊಡ್ಡ ಓಮ್‌ಗಳಲ್ಲಿ ಮೀಟರ್ ಶೇಕಡ ಮೂರು-ನಾಲ್ಕು ಕಮ್ಮಿ ತೋರಿಸುತ್ತದೆ, ಈ ಕೆಲಸಕ್ಕೆ ಪರವಾಗಿಲ್ಲ.

ವೂಫರನ್ನು ಹತ್ತಿರದಲ್ಲಿ ಗೋಡೆ ಮೇಜು ಇಲ್ಲದ ಕಡೆ ಗಾಳಿಯಲ್ಲಿ ಹಿಡಿದು ನಿಲ್ಲಿಸಿ, ಫ್ರೀಕ್ವೆನ್ಸಿಯನ್ನು 15 ಹರ್ಟ್ಸ್‌ನಿಂದ ನಿಧಾನಕ್ಕೆ ಏರಿಸುತ್ತ ಹೋಗಿ. ಒಂದು ಕಡೆ ಮೀಟರ್ ಜಿಗಿದು ಮೇಲೆ ಹೋಗಿ ಮತ್ತೆ ಇಳಿಯುತ್ತದೆ. ಆ ತುದಿಯೇ ಎಫ್ಎಸ್. ನನ್ನ ವೂಫರ್‌ನಲ್ಲಿ ಅದು 30 ಹರ್ಟ್ಸ್‌ನಲ್ಲಿ 54 ಓಮ್ ಇತ್ತು. ಕಾಯಿಲ್‌ನ ಡಿಸಿ ಓಮ್ 6. 54ನ್ನು 6ರಿಂದ ಭಾಗಿಸಿದರೆ 9, ಅದರ ವರ್ಗಮೂಲ 3. ಇನ್ನು 6 ಗುಣಿಲೆ 3, ಅಂದರೆ 18 ಓಮ್ ಎಲ್ಲೆಲ್ಲಿ ಬರುತ್ತದೆ ಎಂದು ತುದಿಯ ಎರಡೂ ಬದಿ ಹುಡುಕಿ. ನನಗೆ ಸಿಕ್ಕಿದ್ದು 20 ಮತ್ತು 45 ಹರ್ಟ್ಸ್. ಸರಿ ಅಳೆದಿದ್ದೀರೋ ಎಂದು ತಿಳಿಯಲು ಅವೆರಡನ್ನು ಗುಣಿಸಿ ವರ್ಗಮೂಲ ತೆಗೆಯಿರಿ, ಎಫ್ಎಸ್ ಬರಬೇಕು. 20 ಗುಣಿಲೆ 45 ಅಂದರೆ 900, ವರ್ಗಮೂಲ 30. ಬಂತು.

ಮುಂದಿನದು ಸುಲಭ. 30 ಗುಣಿಲೆ 3, ಭಾಗಿಲೆ 25 (45ರಲ್ಲಿ 20 ಕಳೆದದ್ದು). ಸಿಕ್ಕಿದ್ದು 3.6, ಇದು ಕ್ಯೂಎಂಎಸ್, ಅಂಚು ಮತ್ತು ಸ್ಪೈಡರ್ ಹಾಕುವ ಕಡಿವಾಣ. ಅದನ್ನು 9ರಲ್ಲಿ ಒಂದು ಕಳೆದು 8ರಿಂದ ಭಾಗಿಸಿದರೆ 0.45, ಇದು ಕ್ಯೂಇಎಸ್, ಕಾಯಿಲ್ ಮತ್ತು ಮ್ಯಾಗ್ನೆಟ್ ಹಾಕುವ ಕಡಿವಾಣ. 9ರಿಂದಲೇ ಭಾಗಿಸಿದರೆ 0.40, ಇದು ಎರಡೂ ಸೇರಿದ ಕ್ಯೂಟಿಎಸ್.

ವಿಎಎಸ್‌ಗೆ ಗೊತ್ತಿರುವ ಅಳತೆಯ ಒಂದು ಗಟ್ಟಿ ಪೆಟ್ಟಿಗೆ ಬೇಕು. ನನ್ನದು 25 ಲೀಟರ್. ಮೇಲೆ ತೂತು ಕೊರೆದು ವೂಫರನ್ನು ಮಗುಚಿ, ಮ್ಯಾಗ್ನೆಟ್ ಹೊರಗೆ ಬರುವಂತೆ, ಗಾಳಿ ಸೋರದಂತೆ ಕೂರಿಸಿ. ಕೋನ್‌ನ ಬಟ್ಟಲಿನೊಳಗಿನ ಗಾಳಿಯನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಮತ್ತೆ ತುದಿ ಹುಡುಕಿ. ಈ ಸಲ 57 ಹರ್ಟ್ಸ್‌ನಲ್ಲಿ ಸಿಕ್ಕಿತು. 57 ಭಾಗಿಲೆ 30 ಅಂದರೆ 1.9, ಅದರ ವರ್ಗ 3.61, ಒಂದು ಕಳೆದರೆ 2.61. ಅದನ್ನು 25ರಿಂದ ಗುಣಿಸಿದರೆ 65 ಲೀಟರ್.

ಜೊತೆಯ ಇನ್ನೊಂದು ವೂಫರನ್ನೂ ಅಳೆಯಿರಿ. ಎಫ್ಎಸ್ ಎರಡು-ಮೂರು ಹರ್ಟ್ಸ್ ಹೆಚ್ಚುಕಮ್ಮಿ ಇದ್ದರೆ ಚಿಂತೆ ಇಲ್ಲ. ಕೈಯಲ್ಲಿ ಲೆಕ್ಕ ಹಾಕಲು ಬೇಜಾರಾದರೆ ರೂಮ್ ಈಕ್ಯೂ ವಿಝಾರ್ಡ್ ಎಂಬ ಉಚಿತ ಸಾಫ್ಟ್‌ವೇರ್ ಇದನ್ನೆಲ್ಲ ತಾನೇ ಮಾಡುತ್ತದೆ. ಆದರೆ ಒಂದು ಸಲವಾದರೂ ಕೈಯಲ್ಲಿ ಮಾಡಿ. ಆ ಮೀಟರ್ ಏರಿ ಇಳಿಯುವುದನ್ನು ಕಣ್ಣಾರೆ ನೋಡಿದರೆ ಪೆಟ್ಟಿಗೆ ಯಾಕೆ ಮುಖ್ಯ ಎಂದು ಯಾರೂ ಹೇಳಿಕೊಡಬೇಕಿಲ್ಲ.

ಮುಚ್ಚಿದ ಪೆಟ್ಟಿಗೆಯೋ, ಕೊಳವೆಯ ಪೆಟ್ಟಿಗೆಯೋ

ಮುಚ್ಚಿದ ಪೆಟ್ಟಿಗೆಯ ಲೆಕ್ಕ ಹೀಗೆ. ವೂಫರ್ ಪೆಟ್ಟಿಗೆಗೆ ಸೇರಿದ ಮೇಲೆ ಕ್ಯೂ 0.7ರ ಹತ್ತಿರ ಬಂದರೆ ಬೇಸ್ ಉಬ್ಬದೆ, ಸೊರಗದೆ ಸಮವಾಗಿರುತ್ತದೆ. 0.707 ಭಾಗಿಲೆ 0.40, ಅದರ ವರ್ಗ 3.12, ಒಂದು ಕಳೆದರೆ 2.12. 65 ಲೀಟರನ್ನು ಅದರಿಂದ ಭಾಗಿಸಿದರೆ 30.6 ಲೀಟರ್. ಆಗ ಕುಣಿತದ ತುದಿ 53 ಹರ್ಟ್ಸ್‌ಗೆ ಏರಿ ನಿಲ್ಲುತ್ತದೆ. ನನ್ನ ಆ 10 ಲೀಟರ್‌ನ ಚೆಂದದ ಪೆಟ್ಟಿಗೆಯನ್ನು ಇದೇ ಲೆಕ್ಕಕ್ಕೆ ಹಾಕಿದರೆ ಕ್ಯೂ 1.1, ತುದಿ 82 ಹರ್ಟ್ಸ್. ಗುಂಯ್ ಎಂದಿದ್ದು ಯಾಕೆ ಎಂದು ಗೊತ್ತಾಯಿತಲ್ವಾ?

ಅದೇ ವೂಫರ್‌ಗೆ ಕೊಳವೆ ಇಟ್ಟ ಪೆಟ್ಟಿಗೆ ಬೇಕೆಂದರೆ 50 ಲೀಟರ್, 30 ಹರ್ಟ್ಸ್‌ಗೆ ಶ್ರುತಿ ಮಾಡಿದ ಕೊಳವೆ. 7 ಸೆಂಟಿಮೀಟರ್ ಒಳವ್ಯಾಸದ ಕೊಳವೆಯಾದರೆ ಉದ್ದ ಸುಮಾರು 20.5 ಸೆಂಟಿಮೀಟರ್. ಬೇಸ್ ಇನ್ನೂ ಕೆಳಗಿಳಿಯುತ್ತದೆ. ಆದರೆ ಅಳತೆ ಸ್ವಲ್ಪ ತಪ್ಪಿದರೂ ಕೊಳವೆಯ ಪೆಟ್ಟಿಗೆ ಅದನ್ನು ಊರಿಗೆಲ್ಲ ಸಾರುತ್ತದೆ. ಮುಚ್ಚಿದ ಪೆಟ್ಟಿಗೆ ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಬಿಚ್ಚಿ ತಂದ ಡ್ರೈವರ್‌ಗೆ ನಾನು ಮುಚ್ಚಿದ್ದನ್ನೇ ಹೇಳುವುದು.

ಎಫ್ಎಸ್ ಅನ್ನು ಕ್ಯೂಇಎಸ್‌ನಿಂದ ಭಾಗಿಸಿ ನೋಡುವ ಒಂದು ಹಳೆಯ ಅಂದಾಜೂ ಇದೆ. 50ರ ಹತ್ತಿರ ಬಂದರೆ ಮುಚ್ಚಿದ್ದು, 100ರ ಹತ್ತಿರ ಬಂದರೆ ಕೊಳವೆ. ನನ್ನದು 67, ಎರಡಕ್ಕೂ ನಡೆಯುತ್ತದೆ.

ಎರಡು ಬಗೆಯವನ್ನು ಬೇರೆಯಾಗಿಯೇ ನೋಡಬೇಕು. 1954ರಲ್ಲಿ ಎಡ್ಗರ್ ವಿಲ್ಚರ್ ಎಆರ್-1 ಸ್ಪೀಕರ್‌ನಲ್ಲಿ ಪೆಟ್ಟಿಗೆಯೊಳಗಿನ ಗಾಳಿಯನ್ನೇ ಸ್ಪ್ರಿಂಗ್ ಮಾಡಿಕೊಂಡ. ಆ ದಾರಿ ಹಿಡಿದ ಸ್ಪೀಕರ್‌ಗಳ ವೂಫರ್ ತಾನಾಗಿ ತೀರಾ ಸಡಿಲ. ಅದಕ್ಕೆ ಸೋರದ ಮುಚ್ಚಿದ ಪೆಟ್ಟಿಗೆಯೇ ಬೇಕು, ಕೊಳವೆ ಇಟ್ಟರೆ ಕೋನ್ ಹಿಡಿತ ತಪ್ಪುತ್ತದೆ. ಇನ್ನೊಂದು ಹಳೆಯ ವಾಲ್ವ್ ರೇಡಿಯೋಗಳ ಡ್ರೈವರ್. ಅವುಗಳ ಕ್ಯೂಟಿಎಸ್ ಎಷ್ಟೋ ಸಲ 0.7 ದಾಟಿರುತ್ತದೆ. ಆಗ ಎಷ್ಟು ದೊಡ್ಡ ಮುಚ್ಚಿದ ಪೆಟ್ಟಿಗೆ ಕೊಟ್ಟರೂ ಲೆಕ್ಕ ಕೂಡುವುದಿಲ್ಲ. ಬೆನ್ನು ತೆರೆದ ಅಗಲವಾದ ಹಲಗೆಯೇ ಅವಕ್ಕೆ ಸರಿ.

ಪೆಟ್ಟಿಗೆ ಕಟ್ಟುವುದು

30.6 ಲೀಟರ್ ಎಂದರೆ ಗಾಳಿಗೆ ಸಿಗುವ ಜಾಗ. ವೂಫರ್‌ನ ಬೆನ್ನು, ಒಳಗಿನ ಅಡ್ಡಪಟ್ಟಿ, ಕ್ರಾಸ್‌ಓವರ್ (ಕೆಳಗಿನ ಸ್ವರವನ್ನು ವೂಫರ್‌ಗೆ, ಮೇಲಿನದನ್ನು ಟ್ವೀಟರ್‌ಗೆ ಹಂಚುವ ಸರ್ಕ್ಯೂಟ್) ಎಲ್ಲ ಸೇರಿ ಎರಡೂವರೆ ಲೀಟರ್ ತಿನ್ನುತ್ತವೆ ಎಂದುಕೊಂಡರೆ ಒಳಗೆ 33 ಲೀಟರ್ ಬೇಕು. 23 ಅಗಲ, 30 ಆಳ, 48 ಎತ್ತರ, ಎಲ್ಲ ಸೆಂಟಿಮೀಟರ್, ಎಲ್ಲ ಒಳ ಅಳತೆ. ಮೂರು ಬದಿ ಒಂದೇ ಅಳತೆ ಇರುವ ಪೆಟ್ಟಿಗೆ ಮಾತ್ರ ಬೇಡ, ಒಳಗಿನ ಅನುರಣನೆಗಳೆಲ್ಲ ಒಂದೇ ಸ್ವರದಲ್ಲಿ ಗುಂಪು ಸೇರುತ್ತವೆ.

ಈಗ ಮುಂಬದಿಯ ಹಲಗೆಯ ಮಾತು. ಹಳೆಯ ಕ್ರಾಸ್‌ಓವರನ್ನೇ ಇಟ್ಟುಕೊಳ್ಳುವಿರಾದರೆ ಹಳೆಯ ಹಲಗೆಯ ಅಗಲ ಮತ್ತು ಡ್ರೈವರ್‌ಗಳ ಜಾಗ ಬದಲಿಸಬೇಡಿ. ಪೆಟ್ಟಿಗೆಯ ಗಾತ್ರ ಹೊಂದಿಸಲು ಆಳವನ್ನು ಹೆಚ್ಚುಕಮ್ಮಿ ಮಾಡಿ. ಯಾಕೆಂದರೆ ಮೇಲಿನ ಸ್ವರಗಳು ಹಲಗೆಗೆ ತಾಗಿ ಮುಂದಕ್ಕೆ ಬರುತ್ತವೆ, ಕೆಳಗಿನವು ಪೆಟ್ಟಿಗೆಯನ್ನು ಬಳಸಿ ಹಿಂದಕ್ಕೂ ಹೋಗುತ್ತವೆ. ಈ ಬದಲಾವಣೆ ಎಲ್ಲಿ ಆಗುತ್ತದೆ ಎಂಬುದನ್ನು ಹಲಗೆಯ ಅಗಲವೇ ನಿರ್ಧರಿಸುತ್ತದೆ. 115ನ್ನು ಮೀಟರ್‌ನಲ್ಲಿರುವ ಅಗಲದಿಂದ ಭಾಗಿಸಿದರೆ ಅಂದಾಜು ಸಿಗುತ್ತದೆ. 26.6 ಸೆಂಟಿಮೀಟರ್ ಅಗಲಕ್ಕೆ ಅದು 430 ಹರ್ಟ್ಸ್ ಆಸುಪಾಸು. ಹಳೆಯ ಕ್ರಾಸ್‌ಓವರ್ ಮಾಡಿದವರು ಆ ಲೆಕ್ಕವನ್ನು ಒಳಗೆ ಸೇರಿಸಿಯೇ ಮಾಡಿರುತ್ತಾರೆ. ಚೆಂದಕ್ಕೆಂದು ಹಲಗೆ ಸಣ್ಣದು ಮಾಡಿದರೆ ಹಾಡುವವರ ದನಿ ತೆಳ್ಳಗಾಗುತ್ತದೆ, ನೀವು ಸುಮ್ನೆ ಟ್ವೀಟರನ್ನು ಬೈಯುತ್ತ ಕೂರುತ್ತೀರಿ.

ಹಲಗೆಗೆ 18 ಮಿಲಿಮೀಟರ್‌ನ ಎಂಡಿಎಫ್ ಅಥವಾ ಒಳ್ಳೆಯ ಬರ್ಚ್ ಪ್ಲೈವುಡ್. ಎಂಡಿಎಫ್ ಕತ್ತರಿಸುವಾಗ ಮಾಸ್ಕ್ ಕಡ್ಡಾಯ, ಆ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ದಪ್ಪ ಇದ್ದಷ್ಟೂ ಒಳ್ಳೆಯದು ಎನ್ನುವವರಿದ್ದಾರೆ. ಬಿಬಿಸಿಯವರು 1970ರ ದಶಕದಲ್ಲಿ ಮಾಡಿದ ಎಲ್ಎಸ್3/5ಎ ಎಂಬ ಪುಟ್ಟ ಸ್ಪೀಕರ್‌ಗೆ 12 ಮಿಲಿಮೀಟರ್ ಬರ್ಚ್ ಪ್ಲೈ ಹಾಕಿ, ಒಳಗೆ ಭಾರವಾದ ಪದರ ಅಂಟಿಸಿ ಕಂಪನವನ್ನು ನುಂಗಿಸಿದರು. ಅದು ಐದು ಲೀಟರ್‌ನ ಪೆಟ್ಟಿಗೆ ಎಂಬುದು ನೆನಪಿರಲಿ. ನಮ್ಮ 33 ಲೀಟರ್‌ಗೆ 18 ಮಿಲಿಮೀಟರ್ ಜೊತೆಗೆ ಎರಡು ಪಕ್ಕಗಳನ್ನು ಸೇರಿಸುವ ಒಂದು ಅಡ್ಡಪಟ್ಟಿ ಇರಲಿ. ಪಟ್ಟಿಯನ್ನು ಸರಿಯಾಗಿ ಮಧ್ಯಕ್ಕೆ ಇಡದೆ ಸ್ವಲ್ಪ ಮೇಲೆ ಅಥವಾ ಕೆಳಗೆ ಇಡಿ.

ಡ್ರೈವರ್‌ನ ಚೌಕಟ್ಟು ಹಲಗೆಯ ಮಟ್ಟಕ್ಕೆ ಇಳಿದು ಕೂರುವಂತೆ ಮರ ಕೆತ್ತುವ ರೌಟರ್‌ನಲ್ಲಿ ಮೊದಲು ಆ ಮೆಟ್ಟಿಲು ತೆಗೆದು, ಆಮೇಲೆ ಒಳಗಿನ ತೂತು ಕೊರೆಯಿರಿ. ಕ್ರಮ ತಿರುಗಿಸಿದರೆ ರೌಟರ್‌ನ ನಡುಮೊಳೆಗೆ ಜಾಗವೇ ಉಳಿಯುವುದಿಲ್ಲ. ವೂಫರ್ ತೂತಿನ ಒಳಬದಿಯ ಅಂಚನ್ನು ಓರೆಯಾಗಿ ಕೆತ್ತಿ, ಕೋನ್‌ನ ಬೆನ್ನಿಗೆ ಉಸಿರಾಡಲು ಜಾಗ ಬೇಕು. ಎಲ್ಲ ಕೀಲಿಗೂ ಒಳಗಿನಿಂದ ಅಂಟಿನ ಒಂದು ಗೆರೆ ಎಳೆಯಿರಿ. ಕೆಲಸ ಮಾಡುವ ಜಾಗದಲ್ಲಿ ಕಬ್ಬಿಣದ ಪುಡಿ ಇದ್ದರೆ ಡ್ರೈವರನ್ನು ಆ ಕೋಣೆಗೇ ತರಬೇಡಿ. ಒಂದು ಚೂರು ಸಂದಿಗೆ ಹೋದರೆ ಹೊರಗೆ ತೆಗೆಯುವುದು ಬಹಳ ಕಷ್ಟ.

ಕ್ರಾಸ್‌ಓವರ್

ಹಳೆಯ ಕ್ರಾಸ್‌ಓವರ್‌ನಲ್ಲಿ ಕಾಯಿಲ್‌ಗಳು ಚೆನ್ನಾಗಿಯೇ ಇರುತ್ತವೆ. ಕೆಡುವುದು ಎಲೆಕ್ಟ್ರೋಲಿಟಿಕ್ ಕೆಪಾಸಿಟರ್. ಒಂದು ತುದಿ ಬಿಚ್ಚಿ ಅಳೆದು, ಬರೆದ ಬೆಲೆಗಿಂತ ಶೇಕಡ 10ಕ್ಕಿಂತ ದೂರ ಹೋಗಿದ್ದರೆ ಬದಲಿಸಿ. ಅದೇ ಮೈಕ್ರೋಫ್ಯಾರಡ್ ಇರಲಿ, ಪ್ಲಸ್-ಮೈನಸ್ ಭೇದವಿಲ್ಲದ ಬೈಪೋಲಾರ್ ಇರಲಿ. ಟ್ವೀಟರ್ ದಾರಿಯಲ್ಲಿ ಫಿಲ್ಮ್ ಕೆಪಾಸಿಟರ್ ಹಾಕಿದ ಮೇಲೆ ಸದ್ದು ಚುಚ್ಚಿದರೆ ಆಶ್ಚರ್ಯ ಬೇಡ. ಹಳೆಯದರೊಳಗೆ ಸ್ವಲ್ಪ ಪ್ರತಿರೋಧ ಇತ್ತು, ಹೊಸದರಲ್ಲಿ ಇಲ್ಲ. ಸರಣಿಯಲ್ಲಿ ಅರ್ಧದಿಂದ ಒಂದು ಓಮ್ ಸೇರಿಸಿದರೆ ಹಳೆಯ ಸಮತೋಲ ವಾಪಸ್ ಬರುತ್ತದೆ. ಟ್ವೀಟರ್ ಮಟ್ಟ ತಿರುಗಿಸುವ ಗುಂಡಿ ಇದ್ದರೆ ಅದರೊಳಗೆ ಕಿಲುಬು ಹಿಡಿದಿರುತ್ತದೆ, ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಹತ್ತು ಸಲ ತಿರುಗಿಸಿ.

ಬೇರೆ ಬೇರೆ ಸ್ಪೀಕರ್‌ನಿಂದ ಬಂದ ವೂಫರ್ ಮತ್ತು ಟ್ವೀಟರ್ ಸೇರಿಸುವವರಿಗೆ ಒಂದು ಮಾತು. ಮಾರುಕಟ್ಟೆಯ ಸಿದ್ಧ ಕ್ರಾಸ್‌ಓವರ್ 8 ಓಮ್ ಎಂದು ಬರೆದಿದ್ದರೂ ನಿಮ್ಮ ಡ್ರೈವರ್‌ಗೆ ಹೊಂದುವುದು ಅದೃಷ್ಟ. ಹೊಸ ಪೆಟ್ಟಿಗೆಯಲ್ಲಿ ಡ್ರೈವರ್ ಕೂರಿಸಿ, ಮೈಕ್‌ನಿಂದ ಅಳೆದು, ಅದರ ಮೇಲೆಯೇ ಮಾಡಬೇಕು.

ಜೋಡಣೆ

ಒಳಗೋಡೆಗೆ ಉಣ್ಣೆ ಅಥವಾ ಪಾಲಿಯೆಸ್ಟರ್ ಹಾಸು ಹಾಕಿ. ಡ್ರೈವರ್ ಕೆಳಗೆ ತೆಳು ಫೋಮ್ ಗ್ಯಾಸ್ಕೆಟ್ ಇರಲಿ. ಹಳೆಯ ವೂಫರ್ ವರ್ಷಗಟ್ಟಲೆ ಒಂದೇ ಭಂಗಿಯಲ್ಲಿ ನಿಂತು ಸ್ಪೈಡರ್ ಸ್ವಲ್ಪ ಜೋತಿದ್ದರೆ, ತಲೆಕೆಳಗು ಮಾಡಿ ಕೂರಿಸಿ.

ಪ್ಲಸ್ ಯಾವುದು ಎಂದು ಗೊತ್ತಿಲ್ಲದ ವೂಫರ್‌ಗೆ 1.5 ವೋಲ್ಟ್ ಬ್ಯಾಟರಿ ಒಂದು ಕ್ಷಣ ತಾಗಿಸಿ. ಕೋನ್ ಹೊರಗೆ ಬಂದರೆ ಬ್ಯಾಟರಿಯ ಪ್ಲಸ್ ತಾಗಿದ ತುದಿಯೇ ಪ್ಲಸ್. ಬಣ್ಣವನ್ನು ನಂಬಬೇಡಿ. ಜೆಬಿಎಲ್‌ನ ಹಳೆಯ ಡ್ರೈವರ್‌ಗಳಲ್ಲಿ ಕೆಂಪಿಗೆ ಪ್ಲಸ್ ಕೊಟ್ಟರೆ ಕೋನ್ ಒಳಗೆ ಹೋಗುತ್ತಿತ್ತು. ಟ್ವೀಟರ್‌ಗೆ ಈ ಪರೀಕ್ಷೆ ಬೇಡ, ನೀವು ತೆಗೆದ ಫೋಟೋ ನೋಡಿ.

ಎಲ್ಲ ಬಿಗಿದ ಮೇಲೆ ವೂಫರ್ ಕೋನನ್ನು ಮೆಲ್ಲಗೆ ಒಳಗೆ ಒತ್ತಿ ಬಿಡಿ. ಮುಚ್ಚಿದ ಪೆಟ್ಟಿಗೆಯಲ್ಲಿ ಅದು ನಿಧಾನಕ್ಕೆ, ಸೋಮಾರಿಯಂತೆ ವಾಪಸ್ ಬರಬೇಕು. ಫಟ್ಟನೆ ಬಂದರೆ ಎಲ್ಲೋ ಸೋರುತ್ತಿದೆ. ಆಮೇಲೆ ಮತ್ತೆ ಆ 1000 ಓಮ್ ರೆಸಿಸ್ಟರ್ ಜೋಡಿಸಿ ತುದಿ ಎಲ್ಲಿದೆ ಎಂದು ನೋಡಿ. ಎರಡನೆಯ ಸಲ ಕಟ್ಟಿದ ನನ್ನ ಪೆಟ್ಟಿಗೆಯಲ್ಲಿ ಒಂದು 54, ಇನ್ನೊಂದು 61 ತೋರಿಸಿತು. ಹಾಸು ಜಾಸ್ತಿ ತುರುಕಿದ್ದೇನೋ ಎಂದು ಅರ್ಧ ದಿನ ಒಳಗೆ ಹುಡುಕಿದೆ. ಕೊನೆಗೆ ನೋಡಿದರೆ ಎರಡನೆಯದರಲ್ಲಿ ಹಿಂದಿನ ಹಲಗೆಯನ್ನು ಅಡ್ಡಪಟ್ಟಿಗೆ ತಾಗುವವರೆಗೆ ಒಳಕ್ಕೆ ತಳ್ಳಿ ಅಂಟಿಸಿದ್ದೆ, ಏಳು ಸೆಂಟಿಮೀಟರ್ ಆಳವೇ ಕಮ್ಮಿ. ಗರಗಸ ಮತ್ತೆ ಹೊರಗೆ ಬಂತು.